ಅನುಮೇಗೌಡನಿಗೆ ನಾನು ಕೊಟ್ಟ ಹಕಾರ

ನಮ್ಮ ಮನೆಗೆ ದಿನವೂ ಹಾಲು ತರುವ ಹೆಂಗಸು ಬಾಗಿಲಲ್ಲಿ ನಿಂತು, “ಅಮ್ಮಾ, ಆಲು” ಎಂದು ಕೂಗುತ್ತಾಳೆ. ಮೊನ್ನೆ ರಜಕ್ಕೆಂದು ಮೈಸೂರಿನಿಂದ ಬಂದಿದ್ದ ಮೊಮ್ಮಗಳು ಹಾಸಿಗೆಯಿಂದೆದ್ದು ಬಂದು, “ತಾತ, ಇಷ್ಟು ಹೊತ್ತಿಗೇ ಆಲೂಗಡ್ಡೆ ಯಾಕೆ?” ಎಂದು ಕೇಳಿದಳು. ಹಾಸನದಲ್ಲಿ ಆಲೂಗಡ್ಡೆಗೇನೂ ಬರವಿಲ್ಲ, ಮಗು ಹಾಗೆಂದುಕೊಂಡದ್ದರಲ್ಲಿ ತಪ್ಪಿಲ್ಲ. ಹಾಲಿನವಳೂ ನಕ್ಕಳು, ನನ್ನ ಸೊಸೆಯೂ ನಕ್ಕಳು. ನಾನೂ ನಗಲು ಹೋಗಿ ಅರ್ಧಕ್ಕೇ ಸುಮ್ಮನಾದೆ. ಯಾರಾದರೂ ಹೀಗೆ ಹಕಾರ ನುಂಗಿ ಮಾತಾಡಿದಾಗಲೆಲ್ಲ ನನಗೆ ಒಬ್ಬ ಮನುಷ್ಯನ ನೆನಪಾಗುತ್ತದೆ, ಅವನಿಗೆ ನಾನು ಮಾಡಿದ ಉಪಕಾರವೂ ನೆನಪಾಗುತ್ತದೆ. ಉಪಕಾರ ಎಂದೆನಲ್ಲ, ಪೂರ್ತಿ ಕೇಳಿದ ಮೇಲೆ ನೀವೇ ಅದಕ್ಕೆ ಬೇರೆ ಹೆಸರು ಇಡಿ.

ನಾನು ಆಗ ಶಾಂತಿಗ್ರಾಮದ ಆಚೆ ಒಂದು ಹಳ್ಳಿಯಲ್ಲಿ ಮೇಷ್ಟ್ರು. ಯುದ್ಧ ಮುಗಿಯುತ್ತ ಬಂದಿದ್ದ ಕಾಲ. ಹೊಳೆನರಸೀಪುರದ ಪೇಟೆಯಲ್ಲಿ ಬೆಲ್ಲದ ಅಂಗಡಿ ಇಟ್ಟುಕೊಂಡಿದ್ದ ಮನೆತನ ನಮ್ಮದು. ನಮ್ಮ ತಂದೆಯವರೇ ಗಿರಾಕಿಗಳನ್ನು “ಎಂಗಿದ್ದೀಯಣ್ಣ, ಅಟ್ಟೀಲೆಲ್ಲ ಸಂದಾಕವ್ರಾ?” ಎಂದು ಮಾತಾಡಿಸುತ್ತಿದ್ದರು. ಆ ಮಾತು ಕೇಳಿಕೊಂಡೇ ಬೆಳೆದ ನನಗೆ ಮೇಷ್ಟರ ತರಬೇತಿ ಮುಗಿಸಿ ಬಂದ ಮೇಲೆ ಅದು ನಾಚಿಕೆಯಾಗಿ ಕೇಳತೊಡಗಿತು. ಕನ್ನಡದ ಹಕಾರವನ್ನು ಕಾಪಾಡುವ ಹೊಣೆಯನ್ನು ಸರ್ಕಾರ ನನ್ನೊಬ್ಬನಿಗೇ ವಹಿಸಿದೆ ಎಂದುಕೊಂಡಿದ್ದೆ. ಅದಕ್ಕೊಂದು ಪಾಠವನ್ನೂ ಕಂಡುಹಿಡಿದಿದ್ದೆ. ಮಕ್ಕಳು ಬಲಗೈಯನ್ನು ಬಾಯ ಮುಂದೆ ಹಿಡಿದು ‘ಹ’ ಎನ್ನಬೇಕು. ಅಂಗೈಗೆ ಬಿಸಿಯುಸಿರು ತಾಗಿದರೆ ಅಕ್ಷರ ಬಂತು, ತಾಗದಿದ್ದರೆ ಇನ್ನೊಮ್ಮೆ. ಇಡೀ ತರಗತಿ “ಹಸು, ಹಾಲು, ಹಳ್ಳ, ಹೊಳೆ” ಎಂದು ಉಸಿರುಬಿಟ್ಟರೆ ಮದುವೆ ಮನೆಯ ಒಲೆ ಊದಿದಂತೆ ಸದ್ದಾಗುತ್ತಿತ್ತು. ಶಾಲೆ ಬಿಟ್ಟು ಹೊಸಲು ದಾಟಿದ್ದೇ ತಡ, ಅವೇ ಮಕ್ಕಳು “ಅಳ್ಳದ ತಾವ್ಕೆ ಓಗಾನ ಬಾರ್ಲಾ” ಎಂದು ಓಡುತ್ತಿದ್ದವು. ನಾನು ಮಾತ್ರ ಸೋಲೊಪ್ಪಲಿಲ್ಲ.

ಆ ಊರಿನ ಅನುಮೇಗೌಡ ನನ್ನ ವಯಸ್ಸಿನವನೇ. ಸೈನ್ಯದ ಪಟಾಲಮ್ಮಿಗೆ ಸೇರಿ ಬರ್ಮಾ ಕಡೆಗೆ ಹೋಗಿದ್ದವನು ಬಲಗೈಯನ್ನು ಮೊಣಕೈವರೆಗೆ ಕಳೆದುಕೊಂಡು ಊರಿಗೆ ಬಂದ. ಹೇಗಾಯಿತೆಂದು ಕೇಳಿದವರಿಗೆಲ್ಲ, “ಸೇತ್ವೆ ಕಟ್ತಿದ್ವು, ಮ್ಯಾಲಿಂದ ಬಿತ್ತು” ಎನ್ನುತ್ತಿದ್ದ. ಬಿದ್ದದ್ದು ಬಾಂಬೋ ತೊಲೆಯೋ ಎಂದು ಅವನು ಬಿಡಿಸಿ ಹೇಳಲಿಲ್ಲ, ಕೇಳುವ ಧೈರ್ಯ ನಮಗೂ ಬರಲಿಲ್ಲ. ಒಂದೇ ಕೈಯಲ್ಲಿ ಬೇಸಾಯ ಸಾಗುವುದಿಲ್ಲ. ಕುಡುಗೋಲು ಹಿಡಿದರೆ ಪೈರು ಹಿಡಿಯಲು ಕೈಯಿಲ್ಲ, ಪೈರು ಹಿಡಿದರೆ ಕುಡುಗೋಲಿಗೆ ಕೈಯಿಲ್ಲ. ಮನೆ, ಹೊಲ, ದನಕರು ಎಲ್ಲ ತಮ್ಮನ ಉಸ್ತುವಾರಿಗೆ ಹೋಯಿತು.

ತಮ್ಮ ಕೆಟ್ಟವನಲ್ಲ. ತಮ್ಮನ ಹೆಂಡತಿಯೂ ಕೆಟ್ಟವಳಲ್ಲ ಎಂದೇ ಈಗ ನನಗನ್ನಿಸುತ್ತದೆ. ಆದರೆ ಅನುಮೇಗೌಡ ಎಡಗೈಯಲ್ಲೇ ಉಣ್ಣಬೇಕಾಗಿತ್ತಲ್ಲ, ಮನೆಮಂದಿಯೆಲ್ಲ ಸಾಲಾಗಿ ಕೂತಾಗ ಅವನು ಎಡಗೈಯಲ್ಲಿ ಮುದ್ದೆ ಮುರಿಯುವುದನ್ನು ಅವಳಿಗೆ ನೋಡಲಾಗಲಿಲ್ಲ. ಬಾಯಿಬಿಟ್ಟು ಏನೂ ಅನ್ನಲಿಲ್ಲ. ಒಂದು ದಿನ ಅವನ ಊಟದ ತಣಿಗೆಯನ್ನು ಜಗಲಿಗೆ ತಂದಿಟ್ಟಳು, ಅಷ್ಟೆ. ಅವನ ತಾಯಿ ಕೆಂಪಮ್ಮ ತನ್ನ ತಣಿಗೆಯನ್ನೂ ಎತ್ತಿಕೊಂಡು ಹೊರಗೆ ಬಂದು ಮಗನ ಪಕ್ಕ ಕೂತಳು. ಅಂದಿನಿಂದ ಇಬ್ಬರ ಊಟವೂ ಅಲ್ಲೇ. ಬೀದಿಯಲ್ಲಿ ಹೋಗುವವರೆಲ್ಲ ನೋಡುತ್ತಿದ್ದರು. ನಾನೂ ಶಾಲೆಯಿಂದ ಬರುವಾಗ ನೋಡುತ್ತಿದ್ದೆ, ನೋಡಲಿಲ್ಲವೆಂಬಂತೆ ಹೋಗುತ್ತಿದ್ದೆ.

ಒಂದು ಭಾನುವಾರ ಅನುಮೇಗೌಡ ಬಟ್ಟೆಯಲ್ಲಿ ಸುತ್ತಿದ ಕಾಗದಗಳನ್ನು ತಂದು ನನ್ನ ಮುಂದಿಟ್ಟ.

“ಮೇಷ್ಟ್ರೇ, ಕೈ ಕಾಲು ಓದೋರ್ಗೆ ಸರ್ಕಾರ್ದೋರು ಪಿಂಚಣಿ ಕೊಡ್ತಾರಂತೆ. ಒಂದರ್ಜಿ ಬರ್ಕೊಡಿ. ಅದು ಬಂತೂಂದ್ರೆ ಅವ್ವನ್ನ ಕರ್ಕೊಂಡು ಕೊಟ್ಗೆ ಪಕ್ಕದ ಕ್ವಾಣೇಲಿ ಬ್ಯಾರೆ ಒಲೆ ಊಡ್ತೀನಿ. ಅವ್ವ ಜಗ್ಲೀಲಿ ಉಣ್ಣಾದ ನನ್ ಕೈಲಿ ನೋಡಕಾಗಕಿಲ್ಲ.”

ಆಗ ನನ್ನ ಮನಸ್ಸಿನಲ್ಲಿ ಬಂದದ್ದೇನು ಗೊತ್ತೆ? ಒಲೆ ‘ಊಡು’ವುದಲ್ಲ, ‘ಹೂಡು’ವುದು, ಊಡುವುದೆಂದರೆ ಉಣಿಸುವುದು. ಮನುಷ್ಯ ಹೆತ್ತ ತಾಯಿಯ ಮಾತಾಡುತ್ತಿದ್ದಾನೆ, ನನ್ನ ಕಿವಿ ಅಕ್ಷರ ಆರಿಸುತ್ತಿದೆ. ಮೇಷ್ಟರ ಕಿವಿ ಎಂದರೆ ಅಂಥದ್ದು.

ಕಾಗದಗಳನ್ನು ಬಿಡಿಸಿದೆ. ಪಟಾಲಮ್ಮಿನಿಂದ ಬಿಡುಗಡೆ ಮಾಡಿದ ಪತ್ರದಲ್ಲಿ ನಂಬರು, ಎತ್ತರ, ಎದೆಯ ಅಳತೆ, ಎಡ ಹುಬ್ಬಿನ ಮೇಲಿನ ಮಚ್ಚೆ ಎಲ್ಲ ಇತ್ತು. ಹೆಸರು ಇಂಗ್ಲಿಷಿನಲ್ಲಿ ‘ಅನುಮೇ ಗೌಡ’ ಎಂದಿತ್ತು.

“ಯಾವನೋ ಕನ್ನಡ ಬಾರದ ಗುಮಾಸ್ತ ನಿನ್ನ ಹೆಸರನ್ನೇ ಕೆಡಿಸಿದ್ದಾನಲ್ಲಯ್ಯ,” ಎಂದೆ.

“ಅವ್ರು ಕೇಳುದ್ರು, ನಾನು ಯೋಳ್ದೆ, ಬರ್ಕೊಂಡ್ರು.”

“ಹನುಮಂತ ದೇವರ ಹೆಸರು ಕಣಯ್ಯ ಅದು. ಮೊದಲಿಗೆ ಹಕಾರ ಬೇಕು.”

“ಬೇಕಾ ಮೇಷ್ಟ್ರೇ? ಅಂಗಾರೆ ಇಕ್ಬುಡಿ.”

ನಾನು ಇಕ್ಕಿದೆ. ದುಂಡಗಿನ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ, ಹನುಮೇಗೌಡ ಎಂದು ಬರೆದೆ. ಅವನು ಎಡಗೈ ಹೆಬ್ಬೆಟ್ಟು ಒತ್ತಿ, ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡು, ನನಗೆ ಕೈಮುಗಿಯಲು ಹೋದ. ಒಂದು ಕೈ ಮಾತ್ರ ಎದೆಯವರೆಗೆ ಬಂತು.

ಯುಗಾದಿಗೆ ಹೋದ ಅರ್ಜಿಗೆ ಉತ್ತರ ಬಂದದ್ದು ಗೌರಿಹಬ್ಬ ಕಳೆದ ಮೇಲೆ. ಆ ಊರಿನ ಟಪ್ಪಾಲು ಕೆಲಸವೂ ನನ್ನದೇ ಆಗಿದ್ದುದರಿಂದ ಚೀಲ ಬಂದ ದಿನವೆಲ್ಲ ಅನುಮೇಗೌಡ ಶಾಲೆಯ ಕಂಬಕ್ಕೊರಗಿ ನಿಲ್ಲುತ್ತಿದ್ದ. “ಬಂತಾ?” ಎಂದು ಬಾಯಲ್ಲಿ ಕೇಳುತ್ತಿರಲಿಲ್ಲ. ನಾನು ತಲೆಯಲ್ಲಾಡಿಸಿದರೆ ಹೊರಟುಹೋಗುತ್ತಿದ್ದ. ಕೊನೆಗೊಂದು ದಿನ ಬಂದ ಆ ಇಂಗ್ಲಿಷ್ ಕಾಗದವನ್ನು ನಾನು ಎರಡು ಸಲ ಓದಿದೆ. ಈ ನಂಬರಿನ ಸಿಪಾಯಿಯ ಹೆಸರು ಹನುಮೇಗೌಡ ಅಲ್ಲ. ಅರ್ಜಿದಾರ ಬೇರೊಬ್ಬನ ಕಾಗದಗಳನ್ನು ತನ್ನವೆಂದು ತೋರಿಸುತ್ತಿರುವಂತಿದೆ. ತಾಲ್ಲೂಕಿನ ಅಮಲ್ದಾರರು ವಿಚಾರಣೆ ನಡೆಸಿ ವರದಿ ಕಳಿಸುವವರೆಗೆ ಪಿಂಚಣಿ ಮಂಜೂರಾಗದು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಗಿತ್ತು ನನ್ನ ಕಥೆ.

“ಯೇನಂತೆ ಮೇಷ್ಟ್ರೇ?”

“ಹೆಸರಿನ ವಿಚಾರ ಏನೋ ತಿಳಿಯಲಿಲ್ಲವಂತೆ. ಊರವರು ಹಾಸನಕ್ಕೆ ಹೋಗಿ ಹೇಳಬೇಕಂತೆ.”

ಅಷ್ಟೇ ಹೇಳಿದೆ. ನನ್ನಿಂದ ಹೀಗಾಯಿತು ಎಂಬುದನ್ನು ಮುಚ್ಚಿಟ್ಟೆ. ಊರಿಗೆಲ್ಲ ಅಕ್ಷರ ತಿದ್ದುವವನು ತಾನೇ ತಪ್ಪು ಬರೆದ ಎಂದಾದರೆ ನಾಳೆ ಯಾವ ಮುಖ ಹೊತ್ತು ಶಾಲೆಗೆ ಹೋಗಲಿ? ಅದಕ್ಕಿಂತ ನಾಚಿಕೆಗೇಡಿನ ಉಪಾಯವೊಂದನ್ನು ಹೂಡಿದೆ. ವಿಚಾರಣೆಯಲ್ಲಿ ಎಲ್ಲರೂ ಬಾಯ್ತುಂಬ ‘ಹನುಮೇಗೌಡ’ ಎಂದುಬಿಟ್ಟರೆ ತಪ್ಪು ಪಟಾಲಮ್ಮಿನ ಗುಮಾಸ್ತನ ತಲೆಗೆ ಹೋಗುತ್ತದೆ, ನಾನು ಉಳಿದುಕೊಳ್ಳುತ್ತೇನೆ.

ಹೊರಟವರು ನಾವು ನಾಲ್ವರು: ನಾನು, ಅನುಮೇಗೌಡ, ಕೆಂಪಮ್ಮ, ಸಾಕ್ಷಿಗೆಂದು ಊರ ಪಟೇಲರು. ಆ ಕಾಲದ ಬಸ್ಸುಗಳು ನಿಮಗೆ ಗೊತ್ತಿರಲಾರದು. ಪೆಟ್ರೋಲಿಗೆ ತತ್ವಾರ, ಬೆನ್ನಿಗೊಂದು ಇದ್ದಿಲಿನ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ಓಡುತ್ತಿದ್ದವು ಎಂದದ್ದು ಮರ್ಯಾದೆಗೆ. ದಿಣ್ಣೆ ಬಂದರೆ ನಾವೇ ಇಳಿದು ನೂಕಬೇಕು. ಶಾಂತಿಗ್ರಾಮದಿಂದ ಹಾಸನದವರೆಗೂ ನಾನು ಆ ಹೊಗೆಯಲ್ಲಿ ಪಾಠ ಹೇಳಿದೆ.

“ಹ. ಹನುಮ. ಎಲ್ಲಿ, ಹೇಳಿ ಪಟೇಲರೇ.”

“ಹನುಮೇಗೌಡ,” ಎಂದರು ಪಟೇಲರು. ಬಂದುಬಿಟ್ಟಿತು. ಬಂದ ಸಂತೋಷಕ್ಕೆ ಅದನ್ನು ಬಿಡಲೇ ಇಲ್ಲ. “ಹಾಯ್ತು ಬುಡಿ ಮೇಷ್ಟ್ರೇ, ಹಮಲ್ದಾರ್ರ ಮುಂದೆ ಹಿಂಗೇ ಹನ್ತೀನಿ,” ಎಂದರು.

ಕೆಂಪಮ್ಮನಿಗೆ ಮಾತ್ರ ಆಗಲೇ ಇಲ್ಲ. ಉಸಿರು ಕಟ್ಟಿ, ಕೆಮ್ಮಿ, ಕಣ್ಣಲ್ಲಿ ನೀರು ತಂದುಕೊಂಡು “ಅನುಮ” ಎನ್ನುತ್ತಿದ್ದಳು. ನಾನು ಅಭ್ಯಾಸಬಲದಿಂದ ಅನುಮೇಗೌಡನ ಕಡೆ ತಿರುಗಿ, “ಬಲಗೈ ಬಾಯ ಮುಂದೆ ಹಿಡಿ, ಹ ಅನ್ನು,” ಎಂದುಬಿಟ್ಟೆ. ಅವನೂ ಹೇಳಿದಂತೆ ಬಲದೋಳನ್ನು ಎತ್ತಿದ. ಮಡಿಚಿ ಪಿನ್ನು ಚುಚ್ಚಿದ್ದ ಅಂಗಿಯ ಖಾಲಿ ತೋಳು ಬಾಯ ಹತ್ತಿರ ಬಂದು ನಿಂತಿತು. ಅಲ್ಲಿಗೆ ನನ್ನ ಪಾಠ ನಿಂತಿತು. ಹಾಸನ ಬರುವವರೆಗೆ ನಾನು ಕಿಟಕಿಯ ಕಡೆಗೇ ನೋಡುತ್ತ ಕೂತೆ.

ಅಮಲ್ದಾರರು ವಯಸ್ಸಾದವರು, ಸಾವಧಾನದ ಮನುಷ್ಯ. ಪಟೇಲರು ಕಲಿತದ್ದನ್ನು ಒಪ್ಪಿಸಿದರು. ಅಮಲ್ದಾರರು ಬರೆದುಕೊಂಡು, ಗೋಡೆಗೊರಗಿ ನಿಂತಿದ್ದ ಕೆಂಪಮ್ಮನನ್ನು ಕರೆದರು. ಅವಳನ್ನು ಕೇಳುವುದಿಲ್ಲವೆಂದು ನಾನು ಲೆಕ್ಕ ಹಾಕಿದ್ದೆ.

“ಇವನು ನಿನ್ನ ಮಗನೇನಮ್ಮ? ಹೆಸರೇನು?”

“ಅನುಮ, ಬುದ್ಧಿ.”

“ಅರ್ಜಿಯಲ್ಲಿ ಹನುಮೇಗೌಡ ಅಂತ ಇದೆಯಲ್ಲ. ಅವನ್ಯಾರು?”

ಕೆಂಪಮ್ಮ ಮಗನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಅಧಿಕಾರಿಗಳ ಮುಂದೆ ಸುಳ್ಳು ಹೇಳಿದರೆ ಮಗನಿಗೆ ಕೇಡಾದೀತೆಂದು ಅವಳಿಗೆ ಹೆದರಿಕೆ.

“ಅವ್ನ್ಯಾರೋ ನಾನ್ ಕಾಣೆ ಬುದ್ಧಿ. ಎತ್ತೋಳು ನಾನು, ಎಸ್ರಿಕ್ಕಿದೋಳು ನಾನು. ನನ್ ಮಗ ಅನುಮ. ಆ ಇನ್ನೊಬ್ನು ನಮ್ಮೂರ್ನೋನಲ್ಲ.”

ಅಮಲ್ದಾರರು ಲೇಖನಿ ಕೆಳಗಿಟ್ಟರು. ಅರ್ಜಿದಾರ ಬೇರೊಬ್ಬ ಎಂದು ಹೆತ್ತ ತಾಯಿಯೇ ಸಾಕ್ಷಿ ನುಡಿದ ಹಾಗಾಗಿತ್ತು. ಅವರು ಹಾಗೆಂದು ಬರೆದುಬಿಟ್ಟರೆ ಅಲ್ಲಿಗೆ ಎಲ್ಲ ಮುಗಿಯಿತು. ಒಲೆಯೂ ಇಲ್ಲ, ಕೋಣೆಯೂ ಇಲ್ಲ, ತಾಯಿ ಮಗ ಇರುವಷ್ಟು ದಿನ ಜಗಲಿಯೇ ಗತಿ. ಅನುಮೇಗೌಡ ತಲೆ ತಗ್ಗಿಸಿ ನಿಂತಿದ್ದ.

“ಸ್ವಾಮಿ,” ಎಂದೆ, “ಆ ಹಕಾರ ಅವನದಲ್ಲ, ನನ್ನದು.”

“ಅಂದರೆ?”

“ಪಟಾಲಮ್ಮಿನವರು ಸರಿಯಾಗಿಯೇ ಬರೆದಿದ್ದರು. ಅರ್ಜಿ ಬರೆದವನು ನಾನು. ಹೆಸರು ತಪ್ಪಾಗಿದೆ ಎಂದು ತಿದ್ದಿದೆ. ಬಸ್ಸಿನಲ್ಲಿ ಪಟೇಲರಿಗೆ ಹೇಳಿಕೊಟ್ಟವನೂ ನಾನೇ.”

ಪಟೇಲರು ಕೆಮ್ಮಿದರು. ಅಮಲ್ದಾರರು ಬೈಯುತ್ತಾರೆಂದು ಕಾದೆ, ಬೈಯಲಿಲ್ಲ. “ಮೇಷ್ಟ್ರೇ, ಮಕ್ಕಳ ಕಾಪಿ ತಿದ್ದಿ. ಹೆಸರು ಅವರವರದು,” ಎಂದು ಒಂದು ಹಾಳೆ ಮುಂದೆ ತಳ್ಳಿ ಹೇಳಿಕೆ ಬರೆಯಿಸಿಕೊಂಡರು. ಆಮೇಲೆ ಅನುಮೇಗೌಡನನ್ನು ಬೆಳಕಿಗೆ ಕರೆದು ಎಡ ಹುಬ್ಬಿನ ಮಚ್ಚೆಯನ್ನು ಬಿಡುಗಡೆ ಪತ್ರದೊಂದಿಗೆ ಹೋಲಿಸಿ ನೋಡಿದರು. ‘ಅರ್ಜಿಯಲ್ಲಿ ಕಾಣುವ ಹಕಾರವು ಅರ್ಜಿದಾರನದಲ್ಲ’ ಎಂದು ನಾನು ಸ್ವಂತ ಕೈಯಿಂದ ಬರೆದು ರುಜು ಹಾಕಿದ ಆ ಹಾಳೆಯಲ್ಲಿ ಒಂದು ಕಾಗುಣಿತದ ತಪ್ಪೂ ಇರಲಿಲ್ಲ.

ಹಿಂದಿರುಗುವಾಗ ಬಸ್ಸು ದಿಣ್ಣೆಯಲ್ಲಿ ನಿಂತಾಗ ಅನುಮೇಗೌಡ ನನ್ನ ಪಕ್ಕದಲ್ಲಿ ಒಂದು ಕೈ ಕೊಟ್ಟು ನೂಕುತ್ತ ಕೇಳಿದ:

“ಅದೊಂದಕ್ಸರಕ್ಕೆ ಇಷ್ಟು ತಿಂಗ್ಳು ಓಯ್ತಾ ಮೇಷ್ಟ್ರೇ?”

“ಹೌದಯ್ಯ. ತಪ್ಪಾಯಿತು.”

“ತಪ್ಪು ಯಾರ್ ಮಾಡಕಿಲ್ಲ ಬುಡಿ. ಆದ್ರೆ ಕಾಗ್ದ ಬಂದ್ ದಿನ್ವೇ ಯೋಳ್ಬೇಕಾಗಿತ್ತು. ನಮ್ಮವ್ವನ್ ಉಸ್ರು ಕಟ್ಟುಸ್ಬಾರ್ದಾಗಿತ್ತು ನೀವು.”

ಅವನು ಕೂಗಾಡಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಇದನ್ನು ತಡೆದುಕೊಳ್ಳಲು ಇವತ್ತಿಗೂ ಆಗಿಲ್ಲ.

ಸಂಕ್ರಾಂತಿ ಕಳೆದು ಮಂಜೂರಾತಿಯ ಕಾಗದ ಬಂತು. ಅವನು ಅದೇ ಕಂಬಕ್ಕೆ ಒರಗಿದ್ದ. ನಾನು ಈ ಸಲ ತಲೆಯಲ್ಲಾಡಿಸದೆ ಕಾಗದ ಬಿಡಿಸಿದೆ. ಅವನು ಪಿಂಚಣಿ ಎಷ್ಟು ಎಂದು ಕೇಳಲಿಲ್ಲ.

“ಎಸ್ರು ಏನಂತ ಬರ್ದವ್ರೆ?”

“ಅನುಮೇಗೌಡ,” ಎಂದು ಓದಿದೆ. ಜೀವನದಲ್ಲಿ ಅಷ್ಟು ಜಾಗ್ರತೆಯಿಂದ ನಾನು ಯಾವ ಹೆಸರನ್ನೂ ಓದಿದ್ದಿಲ್ಲ.

“ಅಂಗಾರೆ ನಾನೇ,” ಎಂದ. ಅಷ್ಟು ತಿಂಗಳಲ್ಲಿ ಅವನು ನಕ್ಕದ್ದನ್ನು ಅಂದೇ ನೋಡಿದ್ದು.

ಮುಂದಿನ ವಾರ ಶಾಲೆ ಬಿಟ್ಟು ಬರುವಾಗ ಕೊಟ್ಟಿಗೆಯ ಪಕ್ಕದ ಕೋಣೆಯ ಹೆಂಚಿನ ಸಂದಿಯಿಂದ ಹೊಗೆ ಏಳುತ್ತಿತ್ತು. ಒಳಗೆ ಕೆಂಪಮ್ಮ ಯಾರನ್ನೋ ಗದರಿಸುತ್ತಿದ್ದಳು. ಮುದ್ದೆ ಆರಿಹೋಗುತ್ತದೆ, ಬಂದು ಕೂತ್ಕೊ ಎಂದು. ಜಗಲಿ ಖಾಲಿಯಿತ್ತು. ಅಂದು ನಾನು ಮುಖ ತಿರುಗಿಸದೆ ಆ ಜಗಲಿಯನ್ನು ಕಣ್ತುಂಬ ನೋಡಿದೆ.

ಆಮೇಲೆ ಅರಕಲಗೂಡು, ಚನ್ನರಾಯಪಟ್ಟಣ ಎಂದು ಎಲ್ಲೆಲ್ಲಿಗೋ ವರ್ಗವಾಯಿತು. ಹೋದಲ್ಲೆಲ್ಲ ಜನರಿಗೆ ಅರ್ಜಿ ಬರೆದುಕೊಟ್ಟಿದ್ದೇನೆ. ಬರೆಯುವ ಮೊದಲು, “ನಿಮ್ಮವ್ವ ಏನಂತ ಕೂಗ್ತಿದ್ರು?” ಎಂದು ಕೇಳುವುದು ರೂಢಿಯಾಯಿತು. ಹಕಾರದ ಪಾಠ ಮಾತ್ರ ಶಾಲೆಯಲ್ಲಿ ಮುಂದುವರಿಸಿದೆ, ಸುಳ್ಳೇಕೆ ಹೇಳಲಿ. ಮೇಷ್ಟರ ಗುಣ ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ಈಗ ನನಗೂ ಪಿಂಚಣಿ. ಬದುಕಿದ್ದೇನೆಂದು ವರ್ಷಕ್ಕೊಮ್ಮೆ ಖಜಾನೆಗೆ ಹೋಗಿ ಮುಖ ತೋರಿಸಿ ಬರಬೇಕು. ನಿನ್ನೆ ಹೋಗಿದ್ದೆ. ನನ್ನ ಹೆಸರು ಶುರುವಾಗುವುದೂ ಹಕಾರದಿಂದಲೇ. ಕಿಟಕಿಯೊಳಗಿನ ಹುಡುಗ, ಹಳ್ಳಿಯ ಕಡೆಯವನಿರಬೇಕು, ಅದನ್ನು ಪೂರ್ತಿ ನುಂಗಿ, ಉಳಿದ ಹೆಸರನ್ನು ಮಾತ್ರ ಜೋರಾಗಿ ಕೂಗಿದ. ಬೆಂಚಿನ ಮೇಲಿದ್ದವರೆಲ್ಲ ಅದು ಯಾರೆಂದು ಅತ್ತಿತ್ತ ನೋಡಿದರು.

“ನಾನೇ ಕಣಪ್ಪ,” ಎಂದು ಎದ್ದು ಹೋದೆ.