ಉಪಗ್ರಹದ ಡೇರೆಯಲ್ಲಿ ಮೊಸರಿನ ಗಡಿಗೆ

ಆ ವಾರ ದಿಲ್ಶಾದ ಬಾಗವಾನ ತಲೆಗೆ ಎಣ್ಣೆ ಹಚ್ಚಿರಲಿಲ್ಲ. ಮುಖಕ್ಕೆ ಪೌಡರ್ ಇಲ್ಲ, ಕಣ್ಣಿಗೆ ಸುರಮಾ ಇಲ್ಲ, ಕೈಯಲ್ಲಿ ಬಳೆ ಇಲ್ಲ. ಸವಣೂರಿನಿಂದ ಫೋನ್ ಮಾಡಿದ ತಾಯಿಗೆ ಇದನ್ನು ಹೇಳಿದಾಗ ಅವರು, "ಯಾರ ಮನ್ಯಾಗ ಸಾವಾಗೇತಿ?" ಎಂದು ಕೇಳಿದ್ದರು.

ಸಾವು ಎಲ್ಲೂ ಆಗಿರಲಿಲ್ಲ. ರಟ್ಟೀಹಳ್ಳಿಯ ಆಚೆ, ಡಾಂಬರು ರಸ್ತೆ ಮುಗಿದು ಗಾಡಿ ದಾರಿಯೂ ಸವೆದುಹೋಗುವ ಕಡೆ, ಒಂದು ಬೋಳು ಗುಡ್ಡದ ಮಗ್ಗುಲಲ್ಲಿ ಅವಳು ಉಪಗ್ರಹವೊಂದನ್ನು ಕಾಯುತ್ತಿದ್ದಳು. ಎಣ್ಣೆಯ ಪಸೆ, ಪೌಡರಿನ ಧೂಳು ಅದರ ಕ್ಯಾಮೆರಾದ ಗಾಜಿಗೆ ಕೂತರೆ ತೆಗೆಯುವುದು ಕಷ್ಟ.

ಎರಡು ಇಟ್ಟಿಗೆ ಜೋಡಿಸಿಟ್ಟಷ್ಟು ದೊಡ್ಡ ಪೆಟ್ಟಿಗೆ ಅದು. ಶಿಗ್ಗಾಂವಿಯ ಹೊರಗಿನ ಖಾಸಗಿ ಎಂಜಿನಿಯರಿಂಗ್ ಕಾಲೇಜೊಂದರ ವಿದ್ಯಾರ್ಥಿಗಳು ನಾಲ್ಕು ವರ್ಷ ಕೂತು ಕಟ್ಟಿದ್ದರು. ಯಾವ ಕೆರೆಯಲ್ಲಿ ಎಷ್ಟು ನೀರಿದೆ, ಹಾನಗಲ್ ಕಡೆಯ ಭತ್ತದ ಗದ್ದೆಗಳಲ್ಲಿ ಎಲ್ಲಿ ರೋಗ ಬಿದ್ದಿದೆ ಎಂಬುದನ್ನು ಮೇಲಿನಿಂದ ನೋಡುವುದು ಅದರ ಕೆಲಸ. ಒಂದು ರಾಕೆಟ್ ಕಂಪನಿ ಅದಕ್ಕೆ ಜಾಗ ಕೊಡಲು ಒಪ್ಪಿತ್ತು. ಷರತ್ತು ಒಂದೇ. ಮೊದಲು ದೊಡ್ಡ ಬಲೂನಿಗೆ ಕಟ್ಟಿ, ಗಾಳಿ ತೆಳುವಾಗಿ ಚಳಿ ಕೊರೆಯುವ ಎತ್ತರಕ್ಕೆ ಹಾರಿಸಬೇಕು. ಅಲ್ಲಿ ಅದು ಜೀವಂತವಾಗಿ ಉಳಿದರೆ ರಾಕೆಟ್ಟಿನಲ್ಲಿ ಸೀಟು. ಇಲ್ಲದಿದ್ದರೆ ಸರದಿಯಲ್ಲಿ ನಿಂತ ಬೇರೆಯವರಿಗೆ. ಬಲೂನು ಹಾರಿಸಲು ವಿದ್ಯುತ್ ತಂತಿ, ಮರ, ಮನೆ ಯಾವುದೂ ಇಲ್ಲದ ಜಾಗ ಬೇಕು. ಹೀಗೆ ಸಿಕ್ಕಿದ್ದು ಈ ಗುಡ್ಡ.

ದಿಲ್ಶಾದಳ ತಂದೆ ಸವಣೂರಿನಲ್ಲಿ ವೀಳ್ಯದೆಲೆಯ ವ್ಯಾಪಾರಿ. ಎಲೆಯ ಪೆಂಡಿಯ ನಡುವೆ ಒಂದು ಕೊಳೆತಿದ್ದರೂ ಮೂಸಿ ಹೇಳುವುದನ್ನು ಅವಳು ಚಿಕ್ಕಂದಿನಲ್ಲೇ ಕಲಿತಿದ್ದಳು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಹುಬ್ಬಳ್ಳಿಯಲ್ಲಿ ಇನ್ವರ್ಟರ್ ಬೋರ್ಡು ರಿಪೇರಿ ಮಾಡಿದಳು. ಆಮೇಲೆ ಈ ಕಾಲೇಜಿನ ಪ್ರಯೋಗಾಲಯಕ್ಕೆ ಬಂದಳು. ಪೆಟ್ಟಿಗೆ ಕಟ್ಟಿದವರು ವಿದ್ಯಾರ್ಥಿಗಳು. ಅದನ್ನು ಕಾಯುವುದು, ಬ್ಯಾಟರಿಗೆ ಚಾರ್ಜು ಮಾಡುವುದು, ಡೇರೆಯ ತೇವ ಅಳೆಯುವುದು, ಕೊನೆಗೆ ಕೆಂಪು ಪಟ್ಟಿಯ ಪಿನ್ ಎಳೆದು ಅದಕ್ಕೆ ಕರೆಂಟು ಹರಿಸುವುದು ಅವಳ ಕೆಲಸ. ರಾಕೆಟ್ ಕಂಪನಿಯವರು ಫೋನಿನಲ್ಲಿ ಕೇಳುವುದೂ ಅವಳನ್ನೇ.

ಡೇರೆಗೆ ಎರಡು ಪದರ. ಹೊರಗಿನ ಪದರದಲ್ಲಿ ಚಪ್ಪಲಿ ಬಿಟ್ಟು ಬಿಳಿ ಅಂಗಿ, ಟೊಪ್ಪಿಗೆ, ಮಾಸ್ಕು, ಕೈಗವಸು ಹಾಕಿಕೊಳ್ಳಬೇಕು. ಒಳಗೆ ಏಸಿ, ಗಾಳಿ ಸೋಸುವ ಯಂತ್ರ, ಒಂದು ಸ್ಟೀಲಿನ ಮೇಜು, ಮೇಜಿನ ಮೇಲೆ ಉಪಗ್ರಹ. ಮೊದಲ ಕೆಲವು ದಿನ ಗುಡ್ಡದ ಮೇಲೆ ಗಾಳಿ ಮತ್ತು ಕುರಿ ಬಿಟ್ಟರೆ ಮತ್ತೇನೂ ಇರಲಿಲ್ಲ.

ಆಮೇಲೆ ಸಮಾರಂಭ ಬಂತು.

ಬಲೂನನ್ನು ಗಾಳಿ ಏಳುವ ಮೊದಲು, ಬೆಳಕು ಹರಿಯುವಾಗಲೇ ಬಿಡಬೇಕೆಂದು ಪ್ರಾಧ್ಯಾಪಕ ಬಸವೇಶ ನಿರ್ಧರಿಸಿದ್ದರು. ಕಾಲೇಜಿನ ಸಂಸ್ಥೆಯ ಅಧ್ಯಕ್ಷ ಮಹಾಲಿಂಗಪ್ಪನವರು ಮುಖ್ಯ ಅತಿಥಿಗಳನ್ನು ಕರೆದರು. ಅತಿಥಿಗಳು ಅಷ್ಟು ಬೇಗ ಏಳುವವರಲ್ಲ. ಹಾಗಾಗಿ ಹಾರಾಟ ಹೊತ್ತೇರಿದ ಮೇಲೆ ಎಂದಾಯಿತು. ಶಾಮಿಯಾನ, ವೇದಿಕೆ, ಸ್ಪೀಕರು, ಕುರ್ಚಿಗಳು, ತಗಡಿನ ಅಡುಗೆ ಚಪ್ಪರ ಬಂದವು. ಅವುಗಳ ಜೊತೆ ಗುಟಕಾ ಬಂತು. ಡೇರೆಯ ಹಗ್ಗಗಳ ಬುಡ ಕೆಂಪಾಯಿತು. ದಿಲ್ಶಾದ ಮುಂಜಾನೆ ಬಕೆಟ್ಟಿನಲ್ಲಿ ನೀರು ತಂದು ತೊಳೆದರೆ ಊಟದ ಹೊತ್ತಿಗೆ ಮತ್ತೆ ಕೆಂಪು. 'ಉಗುಳಬೇಡಿ' ಎಂದು ರಟ್ಟಿಗೆ ಬರೆದು ಕಟ್ಟಿದಳು. ರಟ್ಟಿನ ಮೇಲೆಯೇ ಉಗುಳಿದರು.

ಅದಕ್ಕಿಂತ ಅಸಹ್ಯದ್ದು ಹಿಂಬದಿಯಲ್ಲಿ ನಡೆಯುತ್ತಿತ್ತು. ಬೋಳು ಗುಡ್ಡದಲ್ಲಿ ಮರೆ ಎಂಬುದು ಡೇರೆಯ ಹಿಂದೆ ಮಾತ್ರ. ಚಪ್ಪರ ಕಟ್ಟುವವರು, ಡ್ರೈವರುಗಳು, ಪ್ಯಾಂಟಿಗೆ ಇಸ್ತ್ರಿ ಮಾಡಿಸಿಕೊಂಡು ಬಂದ ಆಡಳಿತ ಮಂಡಳಿಯ ಸದಸ್ಯರು, ಎಲ್ಲರೂ ಅಲ್ಲಿಗೇ ಹೋಗಿ ನಿಂತರು. ಗಾಳಿ ಸೋಸುವ ಯಂತ್ರದ ಬಾಯಿ ಇದ್ದದ್ದೂ ಅತ್ತಲೇ. ಆ ಯಂತ್ರ ಧೂಳನ್ನು ತಡೆಯುತ್ತದೆ, ಉಚ್ಚೆಯ ನಾತವನ್ನು ತಡೆಯುವುದಿಲ್ಲ. ದಿಲ್ಶಾದ ಮಾಸ್ಕಿನೊಳಗೆ ಬಾಯಿಯಿಂದ ಉಸಿರಾಡುತ್ತ ಬ್ಯಾಟರಿಗೆ ಚಾರ್ಜು ಹಾಕಿದಳು.

ಹಾರಾಟದ ದಿನ ಮಹಾಲಿಂಗಪ್ಪನವರು ಡೇರೆಯ ಬಾಗಿಲಿಗೇ ಬಂದರು. ಕಾಲೇಜಿನ ಹೆಣ್ಣುಮಕ್ಕಳೆಲ್ಲ ಒಂದೇ ಬಣ್ಣದ ಸೀರೆಯಲ್ಲಿ ಕಮಾನಿನ ಬಳಿ ಹೂವಿನ ತಟ್ಟೆ ಹಿಡಿದು ನಿಂತಿದ್ದರು. ಸಾಲಿನಲ್ಲಿ ಒಂದು ಜಾಗ ಖಾಲಿ ಇತ್ತು.

"ಆ ದವಾಖಾನಿ ಅಂಗಿ ತಗೀವಾ ತಂಗಿ. ಅತಿಥಿಗಳು ಹೆದರ್ಯಾರು," ಎಂದರು.

"ಡೇರೇ ಬಿಟ್ಟು ಬರಾಕ ಆಗೂದಿಲ್ರಿ ಸಾಹೇಬ್ರ."

"ಯಾಕ, ಅದೇನ ಎದ್ದು ಓಡಿ ಹೊಕ್ಕೇತೇನು?"

ಜೊತೆಗಿದ್ದವರು ನಕ್ಕರು. ಬಸವೇಶರೂ ಅಲ್ಲೇ ಇದ್ದರು. ಅವರು ನಗಲಿಲ್ಲ, ಬೇಡ ಎಂದೂ ಹೇಳಲಿಲ್ಲ. "ಅರ್ಧ ತಾಸಿನ ಮಾತು. ಹೋಗಿ ಬರ್ರಿ ಮೇಡಂ," ಎಂದರು.

ಡೇರೆಯೊಳಗೆ ಹೇಗಿರಬೇಕೆಂದು ಬಲ್ಲ ಮತ್ತೊಬ್ಬಳೆಂದರೆ ವಿದ್ಯಾರ್ಥಿ ತಂಡದ ನಾಯಕಿ ಸಮತಾ. ಅವಳು ದೂರದಲ್ಲಿ ಬಲೂನಿಗೆ ಹೀಲಿಯಂ ತುಂಬಿಸುತ್ತಿದ್ದಳು. ದಿಲ್ಶಾದ ಡೇರೆಯ ಜಿಪ್ಪು ಎಳೆದು ಹೋಗಿ ಗುಲಾಬಿ ನೀರಿನ ದಾನಿ ಹಿಡಿದು ಬಿಸಿಲಲ್ಲಿ ನಿಂತಳು. ಅತಿಥಿಗಳು ತಡವಾಗಿ ಬಂದರು. ಅರ್ಧ ತಾಸು ಎರಡು ತಾಸಾಯಿತು. ಕೊನೆಗೆ ಕಾರಿನಿಂದ ಇಳಿದವರು ಅವಳು ಚಿಮುಕಿಸಿದ ನೀರನ್ನು ಕರ್ಚೀಫಿನಿಂದ ಒರೆಸಿಕೊಂಡು ಮುಂದೆ ನಡೆದರು.

ಅವಳು ಡೇರೆಗೆ ಓಡಿ ಬಂದಾಗ ಜಿಪ್ಪು ತೆರೆದಿತ್ತು. ಮೊದಲು ಮೂಗಿಗೆ ಬಡಿದದ್ದು ತುಪ್ಪ, ಏಲಕ್ಕಿ, ಇಂಗಿನ ಒಗ್ಗರಣೆ. ಒಳಗಿನ ಸ್ಟೀಲಿನ ಮೇಜಿನ ಮೇಲೆ ಹೋಳಿಗೆ ತುಂಬಿದ ಅಗಲವಾದ ಪರಾತಗಳು ಒಂದರ ಮೇಲೊಂದು ಕೂತಿದ್ದವು. ಏಸಿಯ ಕೆಳಗೆ ಮೂರು ಮೊಸರಿನ ಗಡಿಗೆ. ಎರಡು ಗಡಿಗೆಗಳ ನಡುವೆ, ನೆಲದ ಮೇಲೆ, ಉಪಗ್ರಹ. ಅದರ ಬಿಳಿ ಹೊದಿಕೆಯ ಮೇಲೆ ತುಪ್ಪದ ಐದು ಬೆರಳು ಮೂಡಿದ್ದವು. ಪಕ್ಕದಲ್ಲಿ ಚೆಲ್ಲಿದ ಮೊಸರು.

ಹಾನಗಲ್ಲಿನಿಂದ ಅಡುಗೆಗೆ ಬಂದಿದ್ದ ಅಡಿವೆವ್ವ ಬರಿಗಾಲಲ್ಲಿ ಅಲ್ಲಿ ನಿಂತು ಮೊಸರಿಗೆ ಬಟ್ಟೆ ಕಟ್ಟುತ್ತಿದ್ದಳು.

"ಇಲ್ಲಿ ಯಾರ ಇಡಾಕ ಹೇಳಿದ್ರು?"

"ಅಧ್ಯಕ್ಷರ ಹೇಳ್ಯಾರವಾ. ಹಿಂದಕ ಕಟ್ಟಡದ ಉದ್ಘಾಟನಿ ದಿವಸ ಮೊಸರು ಹುಳಿ ಆಗಿ ನನ್ನ ಮಾನಾ ತಗದ್ರು. ಈ ಸಲ ಏಸಿ ಇದ್ದಲ್ಲೇ ಇಡು ಅಂದ್ರು. ತಗಡಿನ ಚಪ್ಪರದಾಗ ಕುದ್ದು ಹೋಗಾಕತ್ತಿತ್ತು."

"ಪೆಟ್ಟಿಗಿ ಕೆಳಗ ಯಾರ ಇಟ್ರು?"

"ನಾನ ಇಟ್ಟೇನಿ. ಭಾಳ ಹಗೂರಕ ಎತ್ತಿ ಇಟ್ಟೇನಿ, ಕೂಸಿನಂಗ. ಮೇಜಿನ ಮ್ಯಾಲ ಜಾಗಾನ ಇರಲಿಲ್ಲಲ್ಲ ಯವ್ವಾ." ಅವಳು ದಿಲ್ಶಾದಳ ಮುಖ ನೋಡಿದಳು. "ಯಾಕ, ಹಾಳಾತೇನು?"

ದಿಲ್ಶಾದ ನೆಲಕ್ಕೆ ಕುಕ್ಕರಿಸಿದಳು. ಹೋಳಿಗೆಯ ಪರಾತದಿಂದ ಮೇಜಿನ ಕಾಲಿಗುಂಟ ಇಳಿದು ನೆಲದ ಮೇಲೆ ಹರಿದಿದ್ದ ಕೆಂಪು ಗೆರೆಯನ್ನು ಅವಳು ನೋಡುತ್ತಿದ್ದಳು. ಗುಡ್ಡದ ಕೆಂಪಿರುವೆ. ಹೊದಿಕೆ ಎತ್ತಿದಳು. ತುಪ್ಪ ತಾಗಿದ ಕಡೆಯಿಂದ ಅವು ಸೌರಫಲಕಗಳ ಸಂದಿನಲ್ಲಿ ಸಾಲಾಗಿ ಒಳಗೆ ಹೋಗುತ್ತಿದ್ದವು. ಕೆಲವು ಬೆಲ್ಲದ ಚೂರು ಕಚ್ಚಿಕೊಂಡು ಹೋಗುತ್ತಿದ್ದವು. ಕ್ಯಾಮೆರಾದ ಮುಚ್ಚಳದ ಮೇಲೆ ಒಂದು ಗುಂಪು ಮುದ್ದೆಯಾಗಿ ಗಿಜಿಗುಡುತ್ತಿತ್ತು. ಅವಳು ಹೊರಗಿನ ಪದರಕ್ಕೆ ಹೋಗಿ ಹೊಸ ಕೈಗವಸು ಹಾಕಿಕೊಂಡು ಮತ್ತೆ ಒಳಗೆ ಬಂದಳು.

ಬಸವೇಶರು ಬಂದು ನೋಡಿದರು. ಅವರಿಗೆ ವಿವರಿಸಿ ಹೇಳಬೇಕಾಗಿರಲಿಲ್ಲ. ಬ್ಯಾಟರಿಯ ಎರಡು ತುದಿಗಳ ನಡುವೆ ಇರುವೆ, ತುಪ್ಪ, ಬೆಲ್ಲ ಸೇರಿ ಕೂತಿದ್ದರೆ ಪಿನ್ ಎಳೆದೊಡನೆ ಕಿಡಿ ಹಾರಬಹುದು, ಬ್ಯಾಟರಿ ಹೊತ್ತಿಕೊಳ್ಳಬಹುದು ಎಂಬುದು ಅವರೇ ಕಲಿಸಿದ ಪಾಠ.

"ಒಳಗ ಹೋಗ್ಯಾವೇನ್ರಿ?"

"ಹೋಗ್ಯಾವ್ರಿ ಸರ್. ಪೂರಾ ಬಿಚ್ಚಬೇಕು. ಇವತ್ತು ಹಾರಿಸಾಕ ಆಗೂದಿಲ್ಲ."

ಮಾತು ವೇದಿಕೆ ಮುಟ್ಟಿತು. ಮಹಾಲಿಂಗಪ್ಪನವರು ನಗುಮುಖ ಹೊತ್ತುಕೊಂಡೇ ಬಂದರು. ಬೂಟು ಕಳಚದೆ ಒಳಗೆ ಹೊಕ್ಕರು.

"ಇರುವಿ ಎಷ್ಟು ತೂಕ ಇರತಾವು ಬಸವೇಶಾ? ಅವೂ ಒಂದಿಷ್ಟು ಆಕಾಶ ನೋಡಿ ಬರ್ಲಿ ಬಿಡು."

"ಬೆಂಕಿ ಹತ್ತಬಹುದ್ರಿ," ಎಂದಳು ದಿಲ್ಶಾದ.

"ಮ್ಯಾಲ ಹತ್ತಿದ್ರ ಯಾರಿಗಿ ಕಾಣತೇತಿ?"

"ಪಿನ್ ಎಳಿಯೂದು ಕೆಳಗರಿ ಸಾಹೇಬ್ರ. ಅತಿಥಿಗಳ ಮುಂದ."

ಮಹಾಲಿಂಗಪ್ಪನವರು ವೇದಿಕೆಯ ಕಡೆ ತಿರುಗಿದರು. ವೇದಿಕೆಯ ಮೇಲೆ ಹೂವಿನ ನಡುವೆ ಉಪಗ್ರಹದ ಥರ್ಮಾಕೋಲ್ ಮಾದರಿಯೊಂದಿತ್ತು. ಬಂಗಾರ ಬಣ್ಣದ ಕಾಗದ ಸುತ್ತಿ, ರಾಜ್ಯೋತ್ಸವದ ಪ್ರದರ್ಶನಕ್ಕೆಂದು ಮಾಡಿದ್ದು. ನಿಜವಾದ ಪೆಟ್ಟಿಗೆಗಿಂತ ಚೆಂದ ಕಾಣುತ್ತಿತ್ತು. "ಅದನ್ನ ಕಟ್ರಿ," ಎಂದರು.

ಅದನ್ನೇ ಕಟ್ಟಿದರು. ಮುಖ್ಯ ಅತಿಥಿಗಳು ಕತ್ತರಿಯಿಂದ ಹಗ್ಗ ಕತ್ತರಿಸಿದರು. ಒಂದೇ ಹಾರಾಟಕ್ಕೆ ಸಾಲುವಷ್ಟು ತಂದಿದ್ದ ಹೀಲಿಯಂ, ಕಾಗದ ಸುತ್ತಿದ ಥರ್ಮಾಕೋಲನ್ನು ಹೊತ್ತು ಮೋಡದ ಕಡೆ ಏರಿತು. ಜನ ಚಪ್ಪಾಳೆ ತಟ್ಟಿದರು, ಟೀವಿಯವರು ಚಿತ್ರ ತೆಗೆದರು. ನಮ್ಮ ಮಣ್ಣಿನ ಮಕ್ಕಳು ಆಕಾಶ ಮುಟ್ಟಿದರು ಎಂದು ಅತಿಥಿಗಳು ಮೈಕಿನಲ್ಲಿ ಹೇಳಿದರು. ಸ್ಪೀಕರಿನಲ್ಲಿ ದಿಲ್ಶಾದಳ ಹೆಸರೂ ಕೇಳಿಬಂತು. ಉಪಗ್ರಹವನ್ನು ಕಾಪಾಡಿದ ತಾಯಿಗೆ ಶಾಲು ಹೊದಿಸಿ ಸನ್ಮಾನವಂತೆ. ಅವಳು ಹೋಗಲಿಲ್ಲ. ಡೇರೆಯೊಳಗೆ ಚಿಮಟಿಗೆ ಹಿಡಿದು ಸತ್ತ, ಸಾಯುತ್ತಿದ್ದ ಇರುವೆಗಳನ್ನು ಒಂದೊಂದಾಗಿ ಹೆಕ್ಕಿ ಬಟ್ಟಲಿಗೆ ಹಾಕುತ್ತಿದ್ದಳು. ಶಾಲನ್ನು ಆಡಳಿತ ಮಂಡಳಿಯ ಸದಸ್ಯರೊಬ್ಬರ ಹೆಂಡತಿಗೆ ಹೊದಿಸಿದರು.

ಆಮೇಲೆ ಊಟ. ಮೊಸರು ಹುಳಿಯಾಗಿರಲಿಲ್ಲ. ಅತಿಥಿಗಳು ಎರಡು ಸಲ ಹಾಕಿಸಿಕೊಂಡು ಹೊಗಳಿದರು. ಉಂಡ ತಟ್ಟೆಗಳು ಗಾಳಿಗೆ ಗುಡ್ಡದ ತುಂಬ ಹಾರಾಡಿದವು.

ಕಾರುಗಳು ಹೋದ ಮೇಲೆ ಬಸವೇಶರು ಡೇರೆಗೆ ಬಂದು ಸ್ಟೂಲಿನ ಮೇಲೆ ಕೂತರು. ಸೀಟು ಯಾರಿಗೆಂದು ಅಂದೇ ತೀರ್ಮಾನ; ರಾಕೆಟ್ ಕಂಪನಿಯವರು ಯಾವ ಹೊತ್ತಿನಲ್ಲಾದರೂ ಫೋನ್ ಮಾಡುವವರಿದ್ದರು.

"ಅವರು ಎರಡ ಮಾತು ಕೇಳ್ತಾರ್ರಿ ಮೇಡಂ. ಹಾರಿತೇನು, ಬದುಕಿತೇನು. ಎರಡಕ್ಕೂ ಹ್ಞೂ ಅನ್ರಿ. ರಾತ್ರಿ ಬಿಚ್ಚಿ ಸ್ವಚ್ಛ ಮಾಡೋಣು. ಲ್ಯಾಬಿನ್ಯಾಗ ಎಲ್ಲಾ ಪರೀಕ್ಷಾ ನಾನ ಕುಂತು ಮಾಡ್ತೇನಿ. ಹುಡುಗರ ನಾಕ ವರ್ಷದ ದುಡಿತ ಐತ್ರಿ ಅದರಾಗ."

"ಹುಡುಗರ ದುಡಿತ ಮುಂಜಾನೆ ನೆನಪಿರಲಿಲ್ಲೇನ್ರಿ ಸರ್? ನನ್ನ ಕಮಾನಿಗೆ ಕಳಿಸೂ ಮುಂದ?"

ಬಸವೇಶರು ಕನ್ನಡಕ ತೆಗೆದು ಒರೆಸಿದರು. "ಅವರ ಮುಂದ ನಾನೇನ ಮಾತಾಡಲ್ರೀ?" ಎಂದರು. ಅವರು ಕೆಟ್ಟವರಲ್ಲ ಎಂದು ದಿಲ್ಶಾದ ಈಗಲೂ ಹೇಳುತ್ತಾಳೆ. ಹೇಳುವಾಗ ಅವಳ ತುಟಿ ಒಂದು ಕಡೆ ಸೊಟ್ಟಗಾಗುತ್ತದೆ.

ಫೋನು ಬಂತು. ಆ ಕಡೆಯವರು ಕೇಳಿದರು. "ಹಾರಿಲ್ರಿ. ಪೆಟ್ಟಿಗಿ ನನ್ನ ಮುಂದ ಐತಿ. ಒಳಗ ಇರುವಿ ಹೋಗ್ಯಾವು," ಎಂದಳು. ಟೀವಿಯಲ್ಲಿ ಹಾರಿದ್ದನ್ನು ನೋಡಿದೆವಲ್ಲ ಎಂದು ಅವರು ಅಚ್ಚರಿಪಟ್ಟರು. "ಅದು ಥರ್ಮಾಕೋಲ್ ರಿ," ಎಂದಳು. ಅವರು ಧನ್ಯವಾದ ಹೇಳಿ ಫೋನ್ ಇಟ್ಟರು. ಸೀಟು ಬೇರೆ ರಾಜ್ಯದ ತಂಡಕ್ಕೆ ಹೋಯಿತು.

ಕಾಲೇಜು ಇಂದಿಗೂ ತನ್ನ ಉಪಗ್ರಹ ಆಕಾಶ ಮುಟ್ಟಿ ಬಂದಿದೆ ಎಂದೇ ಹೇಳುತ್ತದೆ. ಪ್ರವೇಶದ ಜಾಹೀರಾತಿನಲ್ಲಿ ಬಲೂನಿನ ಚಿತ್ರವಿದೆ. ವಿದ್ಯಾರ್ಥಿಗಳು ಮತ್ತೆ ಹೀಲಿಯಂ ಬೇಕೆಂದಾಗ, ಒಮ್ಮೆ ಹಾರಿದ್ದನ್ನು ಮತ್ತೆ ಯಾಕೆ ಹಾರಿಸಬೇಕು ಎಂದು ಸಂಸ್ಥೆ ಕೇಳಿತು. ದಿಲ್ಶಾದಳನ್ನು ಪ್ರಯೋಗಾಲಯದಿಂದ ತೆಗೆದು ಹಾಸ್ಟೆಲಿನ ಜನರೇಟರ್ ನೋಡಿಕೊಳ್ಳಲು ಹಾಕಿದರು. ಅವಳು ಕೆಲಸ ಬಿಟ್ಟಳು. ಈಗ ಹುಬ್ಬಳ್ಳಿಯಲ್ಲಿ ಆಸ್ಪತ್ರೆಯ ಯಂತ್ರಗಳನ್ನು ರಿಪೇರಿ ಮಾಡುವ ಅಂಗಡಿಯೊಂದರಲ್ಲಿದ್ದಾಳೆ. ಸವಣೂರಿಗೆ ಹತ್ತಿರದ ಯಲವಿಗಿಯಲ್ಲಿ ರೈಲು ಹತ್ತಿ ಹೋಗಿ ಬರುತ್ತಾಳೆ.

ಸಮತಾ ಒಮ್ಮೆ ಆ ಸ್ಟೇಷನ್ನಿಗೇ ಬಂದಿದ್ದಳು. ಸಮಾಧಾನ ಹೇಳಲು ಬಂದವಳಲ್ಲ.

"ಒಂದ ಹ್ಞೂ ಅಂದಿದ್ರ ಸಾಕಿತ್ತ ದಿಲ್ಶಾದಕ್ಕಾ. ಅವರ ಹೊಲಸಿಗಿ ನಮಗ ಯಾಕ ಶಿಕ್ಷಾ ಕೊಟ್ರಿ?"

"ರಾಕೆಟ್ಟಿನ್ಯಾಗ ನಮ್ಮ ಪೆಟ್ಟಿಗಿ ಒಂದ ಇರತೇತೇನ? ಮಗ್ಗಲಕ ಬ್ಯಾರೆಯವರವೂ ಇರತಾವು. ನಮ್ಮದು ಹೊತ್ತಿಕೊಂಡ್ರ ಅವೂ ಸುಡತಾವು. ಅವನ್ನೂ ಯಾರೋ ನನ್ನಂಗ ಕಾದಿರತಾರ."

"ಸ್ವಚ್ಛ ಮಾಡ್ತೇವಿ ಅಂದಿದ್ರಲ್ಲ ಸರ್?"

"ಅವರು ಸ್ವಚ್ಛ ಮಾಡಿದ್ದನ್ನ ನೀ ನಂಬ್ತಿದ್ದೇನು?"

ಸಮತಾ ತಡೆದು ತಡೆದು, "ಇಲ್ಲ," ಎಂದಳು. ಆದರೂ ಅವಳ ಸಿಟ್ಟು ಇಳಿಯಲಿಲ್ಲ. ಹುಬ್ಬಳ್ಳಿಯ ರೈಲು ಬಂತು. ಹೋಗಿ ಬರ್ತೇನಿ ಎಂದು ದಿಲ್ಶಾದ ಹೇಳಿದ್ದಕ್ಕೆ ಸಮತಾ ತಲೆಯನ್ನೂ ಆಡಿಸದೆ ಹೊರಗೆ ಹೋಗಿ ತನ್ನ ಸ್ಕೂಟರ್ ಚಾಲೂ ಮಾಡಿ ಹೊರಟುಹೋದಳು.