ಮೂಡಕ್ಕೆ ತಿರುಗಿದ ಮೋರಿ

ಬೆಳಗಿನ ಐದೂಮುಕ್ಕಾಲು. ತಾಳವಾಡಿ ಸೀಮೆಯ ಕೆಂಬರೆದೊಡ್ಡಿಯ ಬಾವಿಕಟ್ಟೆಯ ಸುತ್ತ ಹದಿನಾಲ್ಕು ಕೊಡಗಳು ಕಾದಿವೆ, ಕೊಡ ತಂದ ಹೆಂಗಸರೂ ಕಾದಿದ್ದಾರೆ. ಹಗ್ಗವಿದೆ, ರಾಟೆಯಿದೆ, ನೀರೂ ಇದೆ. ಆದರೂ ಯಾರೂ ಸೇದುತ್ತಿಲ್ಲ. ಎಲ್ಲರ ಕಣ್ಣು ಕೆಳಗಿನ ಬೀದಿಯ ತಿರುವಿನ ಮೇಲಿದೆ. ಅಲ್ಲಿ ಸಲಿಕೆ ಹೊತ್ತ ಸಣಕಲು ಮನುಷ್ಯರೊಬ್ಬರು ಕಾಣಿಸಿಕೊಂಡಾಗ, ನನ್ನ ಪಕ್ಕದಲ್ಲಿದ್ದ ಮುದುಕಿ ಶಾಂತಮಲ್ಲಮ್ಮ ಹಿಡಿದಿಟ್ಟಿದ್ದ ಉಸಿರನ್ನು ಬಿಡುವುದು ನನಗೇ ಕೇಳಿಸುತ್ತದೆ.

"ಬಂದಿವ್ನಿ ಕಣ್ರವ್ವ, ಸೇದ್ಕಳಿ," ಎನ್ನುತ್ತಾರೆ ಸಲಿಕೆ ಹೊತ್ತವರು. ರಾಟೆ ಕಿರುಗುಟ್ಟುತ್ತದೆ.

ಇವರು ಜಡೆಸ್ವಾಮಿ. ವಯಸ್ಸು ಐವತ್ತೆರಡು, ಪಂಚಾಯಿತಿಯ ಮೋರಿ ಕೆಲಸ. ಮೂವತ್ತೆಂಟು ಮನೆಗಳ ಬಚ್ಚಲು ನೀರು ಇವರ ಸಲಿಕೆಯ ಮುಂದೆ ಹರಿಯುತ್ತದೆ. ಆರುನೂರ ನಲವತ್ತು ಹೆಜ್ಜೆ ಉದ್ದದ ಮೋರಿ, ದಿನಕ್ಕೆ ಹನ್ನೊಂದು ಬುಟ್ಟಿ ಕೆಸರು, ಮಳೆಗಾಲದಲ್ಲಿ ಅದರ ಎರಡರಷ್ಟು. ಊರಿನವರು ಇವರನ್ನು ನೋಡಿ ಮೂಗು ಮುಚ್ಚಿಕೊಳ್ಳುತ್ತಿದ್ದ ಕಾಲವೊಂದಿತ್ತು. ಈಗ ಇವರನ್ನು ನೋಡದೆ ಯಾರೂ ನೀರು ಮುಟ್ಟುವುದಿಲ್ಲ.

ಇದು ಎರಡು ವರ್ಷದ ಹಿಂದೆ, ಎಂಬತ್ತೊಂದರಲ್ಲಿ, ಶುರುವಾದ ಕತೆ. ಬೆಟ್ಟದ ಕೆಳಗಿನ ಸರ್ಕಾರಿ ಆಫೀಸಿನಿಂದ ಒಂದು ನೋಟೀಸು ದಿಂಬಂ ಘಾಟಿ ಹತ್ತಿ ಬಂತು. ತೆರೆದ ಮೋರಿ ಇರಬಾರದು, ಕುಡಿಯುವ ಬಾವಿಯ ಸುತ್ತ ಮೂವತ್ತಡಿಯೊಳಗೆ ಕೊಳಚೆ ಹರಿಯಬಾರದು, ತಪ್ಪಿದರೆ ದಂಡ. ಎಲ್ಲವೂ ಒಳ್ಳೆಯ ಮಾತೇ. ಆದರೆ ಕನ್ನಡ ಮಾತಾಡುವ ಈ ಸೀಮೆ ಇರುವುದು ತಮಿಳುನಾಡಿನಲ್ಲಿ, ಬರೆದದ್ದು ತಮಿಳಿನಲ್ಲಿ. 'ಸಾಕ್ಕಡೈಯೈ ಮೂಡ ವೇಂಡುಂ' ಎಂದಿತ್ತು. ಮೋರಿಯನ್ನು ಮುಚ್ಚಬೇಕು ಎಂದು ಅದರ ಅರ್ಥ. ತಮಟೆ ಹೊಡೆದು ಸಾರುವವನು ಬಾವಿಯ ಮಾತನ್ನು ಬಿಟ್ಟೇಬಿಟ್ಟು, ಆ ಸಾಲನ್ನು ಅರ್ಧ ಕನ್ನಡ ಮಾಡಿದ, ಅರ್ಧವನ್ನು ಹಾಗೇ ಬಿಟ್ಟ: "ಮೋರಿ ಮೂಡ ಬೇಕಂತೆ!"

ಇಲ್ಲಿ ಮೂಡ ಎಂದರೆ ಪೂರ್ವ ದಿಕ್ಕು. ಸಂತೆಯಲ್ಲಿ ತಮಿಳು ಮಾತಾಡಿ ರಾಗಿ ಮಾರಿ ಬರುವ ಜನಕ್ಕೂ ಆ ಗಳಿಗೆಯಲ್ಲಿ ಕನ್ನಡದ ಮೂಡವೇ ಕೇಳಿಸಿತು. ದಂಡದ ಹೆದರಿಕೆ ಬೇರೆ. ಪಡುವಲ ಹಳ್ಳಕ್ಕೆ ಹೋಗುತ್ತಿದ್ದ ಮೋರಿಯನ್ನು ಮೂಡಕ್ಕೆ ತಿರುಗಿಸಬೇಕು ಎಂದು ಊರ ಯಜಮಾನ ಸಿದ್ದಮಲ್ಲಪ್ಪ ತೀರ್ಮಾನ ಕೊಟ್ಟರು. ಮೂಡಲ ದಿಕ್ಕಿನಲ್ಲಿ ಇದ್ದದ್ದು ಇದೇ ಬಾವಿ.

"ನಾನೇ ತೋಡ್ದಿ ಸಾ," ಎನ್ನುತ್ತಾರೆ ಜಡೆಸ್ವಾಮಿ. "ಮೂರು ದಿಸ. ಬಾವಿ ಪಕ್ಕದಲ್ಲಿ ಗುದ್ಲಿ ಆಕ್ದಾಗ ಕೈ ತಡೀತು. ಯಜಮಾನ್ರ ಕೇಳ್ದಿ. ಆರ್ಡ್ರು ಕಣ್ಲಾ, ನಿಂಗೇನ್ ಗೊತ್ತು ಅಂದ್ರು. ಸುಮ್ನಾದಿ. ಸುಮ್ನಾಗ್ಬಾರ್ದಾಗಿತ್ತು."

ಆ ತಿಂಗಳ ಎರಡನೇ ಮಳೆಗೆ ವಾಂತಿಭೇದಿ ಹತ್ತಿತು. ನಾಲ್ಕು ದಿನದಲ್ಲಿ ಐದು ಜೀವ ಹೋದವು. ಮೂರನೆಯದು ಜಡೆಸ್ವಾಮಿಯವರ ತಂಗಿ ಬೀರಮ್ಮ. ಆಮೇಲೆ ಆಫೀಸಿನವರು ಬಂದು, ಮೋರಿ ಹರಿಯುವ ದಿಕ್ಕು ನೋಡಿ ತಲೆ ಚಚ್ಚಿಕೊಂಡು, ಒಂದು ಪದದ ಅರ್ಥ ಹೇಳಿ ಹೋದರು. ಸಿದ್ದಮಲ್ಲಪ್ಪನವರು ಅಂದಿನಿಂದ ಬಾವಿಯ ದಾರಿಯಲ್ಲಿ ನಡೆಯುವುದಿಲ್ಲ.

ಮೋರಿಯೇನೋ ಮತ್ತೆ ಪಡುವಕ್ಕೆ ತಿರುಗಿತು. ಆದರೆ ಒಮ್ಮೆ ದಾರಿ ಕಂಡ ನೀರು ಅದನ್ನು ಮರೆಯುವುದಿಲ್ಲ. ಮೂಡಲ ಕಾಲುವೆಯ ಬಾಯಿಗೆ ಹಾಕಿರುವುದು ಬರೀ ಮಣ್ಣು. ಜೋರು ಮಳೆಗೆ ಅದು ಕುಸಿಯುತ್ತದೆ. ಹೋದ ವರ್ಷ ಎರಡು ಸಲ ಕುಸಿದು, ಕೊಳಚೆ ಬಾವಿಗೆ ಹತ್ತು ಹೆಜ್ಜೆ ದೂರದಲ್ಲಿರುವಾಗ ಜಡೆಸ್ವಾಮಿ ಮೈ ಅಡ್ಡ ಕೊಟ್ಟು ತಡೆದಿದ್ದಾರೆ. ಕಲ್ಲು ಕಟ್ಟಿ ಚಪ್ಪಡಿ ಮುಚ್ಚಿದರೆ ಮುಗಿಯುವ ಕೆಲಸ. ಚಪ್ಪಡಿ ಬರುತ್ತದೆ ಎಂದು ಆಫೀಸಿನವರು ಎರಡು ವರ್ಷದಿಂದ ಹೇಳುತ್ತಿದ್ದಾರೆ. ಇನ್ನೊಂದು ಬಾವಿ ತೋಡೋಣವೆಂದರೆ ಉಳಿದ ಕಡೆಯೆಲ್ಲ ಬಂಡೆ.

ಅದಕ್ಕೇ ಈ ಪದ್ಧತಿ. ಯಾರೂ ಹೇಳಿಕೊಟ್ಟದ್ದಲ್ಲ, ಜಡೆಸ್ವಾಮಿಯವರೇ ಮಾಡಿಕೊಂಡದ್ದು. ಪ್ರತಿ ಸಂಜೆ ಎಲ್ಲರೂ ಸೇದಿ ಹೋದ ಮೇಲೆ ಅವರೊಬ್ಬರೇ ಒಂದು ಚೊಂಬು ಹಸಿ ನೀರು ಕುಡಿಯುತ್ತಾರೆ. ಬೆಳಗ್ಗೆ ಅವರು ತಮ್ಮ ಕಾಲ ಮೇಲೆ ನಡೆದು ಬಂದರೆ ಬಾವಿ ಊರಿನದು. ಬಾರದಿದ್ದರೆ ಯಾರೂ ಹಗ್ಗ ಮುಟ್ಟಬಾರದು.

ಇದು ಸರಿಯಾದ ಪರೀಕ್ಷೆಯಲ್ಲ, ರೋಗ ಒಮ್ಮೊಮ್ಮೆ ಎರಡು ದಿನ ತಡೆದೂ ಬರುತ್ತದೆ ಎಂದು ಡಾಕ್ಟರರು ಹೇಳಿದ್ದಾರೆ. ನೀರು ಕಾಯಿಸಿ ಕುಡಿಯಿರಿ ಎಂದೂ ಹೇಳಿದ್ದಾರೆ. ಕೂಲಿಗೆ ಹೋಗುವ ಅವಸರದಲ್ಲಿ ಎಷ್ಟು ಮನೆಯಲ್ಲಿ ಕಾಯುತ್ತದೋ ದೇವರೇ ಬಲ್ಲ.

"ಗೊತ್ತದ ಸಾ," ಎನ್ನುತ್ತಾರೆ ಜಡೆಸ್ವಾಮಿ. "ಆದ್ರೂ ತೋಡ್ದವ್ನು ನಾನು. ಮೊದ್ಲು ನಂಗೇ ಬರ್ಲಿ."

ಅವರ ಮನೆಯ ಜಗಲಿಯಲ್ಲಿ ನಮ್ಮ ಜೊತೆ ಕೂತಿದ್ದ ಹೆಂಡತಿ ನಂಜುಂಡಮ್ಮ ಈ ಮಾತಿಗೆ ಎದ್ದು ಒಳಗೆ ಹೋಗುತ್ತಾರೆ. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ನಿಂತು ನನಗೆ ಮಾತ್ರ ಕೇಳುವಂತೆ ಹೇಳುತ್ತಾರೆ: "ರಾತ್ರ ಮೂರು ಸಲ ಎದ್ದು ಇವ್ರ ಮೂಗ ಹತ್ರ ಕೈ ಇಟ್ಟು ನೋಡ್ತೀನಿ ಕಣಪ್ಪ, ಉಸ್ರು ಅದಾ ಅಂತ. ಒಟ್ಟೆ ಗುಡುಗುಡು ಅಂದ್ರೂ ನನ್ನ ಜೀವ ಓಯ್ತದ."

ಸಂಜೆ ನಾನು ಹೊರಡುವ ಹೊತ್ತಿಗೆ ದಿಂಬಂ ಕಡೆಯಿಂದ ಕರಿಮೋಡ ಎದ್ದಿದೆ. ಜಡೆಸ್ವಾಮಿ ಮೂಡಲ ಕಾಲುವೆಯ ಬಾಯಿಗೆ ಇನ್ನೂ ಆರು ಬುಟ್ಟಿ ಮಣ್ಣು ಹಾಕಿ, ಕಾಲಲ್ಲಿ ತುಳಿದು, ಕೈ ತೊಳೆದು ಬಾವಿಯ ಬಳಿ ಬರುತ್ತಾರೆ. ಬಗ್ಗಿ ನೀರಿನ ವಾಸನೆ ನೋಡುತ್ತಾರೆ. ಚೊಂಬೆತ್ತಿ ಗಟಗಟ ಕುಡಿದು, ನನಗೂ ಒಂದು ಚೊಂಬು ಬೇಕೇ ಎಂದು ನಗುತ್ತಾರೆ. ಬಸ್ಸಿಗೆ ಹೊತ್ತಾಯಿತು ಎನ್ನುತ್ತೇನೆ. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇದೆ. ನನಗೆ ಹೆದರಿಕೆಯಾಯಿತು, ಅಷ್ಟೇ. ಅದು ಅವರಿಗೂ ಗೊತ್ತಾಯಿತು, ಪಾಪ, ಒತ್ತಾಯ ಮಾಡಲಿಲ್ಲ.

ಚಪ್ಪಡಿ ಬಂದರೆ ಏನು ಮಾಡುತ್ತೀರಿ ಎಂದು ಕೇಳುತ್ತೇನೆ. ಅವರು ಮೊದಲು ಮೋಡ ನೋಡುತ್ತಾರೆ, ಆಮೇಲೆ ನನ್ನನ್ನು.

"ಒಂದು ದಿಸ ಬಿಸ್ಲು ಬರೋಗಂಟ ಮಲೀಕಬೇಕು ಸಾ," ಎನ್ನುತ್ತಾರೆ. "ನಾ ತಡವಾಗಿ ಎದ್ರೂ ಊರಲ್ಲಿ ಯಾರೂ ಎದರ್ಕಬಾರ್ದು."