ಬೇತಮಂಗಲದ ತೋಪಿಗೆ ಗಾಡಿ ಹೂಡಿದವಳು

ಕ್ಯಾಸಂಬಳ್ಳಿಯ ಆದಿಲಕ್ಷ್ಮಮ್ಮ ಗಾಡಿ ಹೂಡಿ ಹೊರಟರೆ ಗಂಡಸರೂ ದಾರಿ ಬಿಟ್ಟು ನಿಲ್ಲುತ್ತಿದ್ದರು. ಉರಿಗಾಂ ಚಿನ್ನದ ಗಣಿಯಲ್ಲಿ ಬಿಳಿ ದೊರೆಗಳ ದರ್ಬಾರು ನಡೆಯುತ್ತಿದ್ದ ಕಾಲ ಅದು. ಆಕೆಯ ಗಂಡ ಕೋದಂಡಪ್ಪ ಅಲ್ಲಿ ಭೂಮಿಯೊಳಗೆ ಇಳಿದು ಬಂಡೆ ಕೊರೆಯುತ್ತಿದ್ದ. ವಾರವೆಲ್ಲ ಗಣಿಯ ಕೂಲಿಕಾರರ ಲೈನ್ ಮನೆಯಲ್ಲಿದ್ದು ಭಾನುವಾರ ಊರಿಗೆ ಬಂದರೆ, ಜಗಲಿಯ ಮೇಲೆ ಅಪ್ಪನೆದುರು ಕೈಕಟ್ಟಿ ಕೂರುವುದೇ ಆಗುತ್ತಿತ್ತು. ತಂದೆಯ ಮುಂದೆ ಹೆಂಡತಿಯನ್ನು ಮಾತಾಡಿಸುವುದು ಹಾಗಿರಲಿ, ಹೆತ್ತ ಮಗುವನ್ನು ಎತ್ತಿಕೊಳ್ಳುವುದೂ ಆ ಮನೆಯಲ್ಲಿ ಮರ್ಯಾದೆಗೇಡು. ಮಗಳು ನರಸಮ್ಮ ನಡೆಯಲು ಕಲಿತಿದ್ದರೂ ಅಪ್ಪನ ತೋಳು ಹೇಗಿರುತ್ತದೆಂದು ಅದಕ್ಕೆ ಗೊತ್ತಿರಲಿಲ್ಲ.

ಕಾರ್ತಿಕ ಬಂತು. ನೆಲ್ಲಿಮರದಡಿ ವನಭೋಜನಕ್ಕೆ ಊರವರೆಲ್ಲ ಹೋಗುತ್ತಿದ್ದರು, ಉಂಡು ಸಂಜೆಗೆ ಮನೆ ಸೇರುತ್ತಿದ್ದರು. ಆದಿಲಕ್ಷ್ಮಮ್ಮ ಮಾತ್ರ ಬೇತಮಂಗಲದ ಕೆರೆ ಪಕ್ಕದ ತೋಪಿನಲ್ಲಿ ರಾತ್ರಿಯೂ ತಂಗುತ್ತೇನೆಂದಳು. ಭಾನುವಾರ ಅಲ್ಲಿಗೇ ಬನ್ನಿ ಎಂದು ಗಂಡನಿಗೆ ಆಗಲೇ ಹೇಳಿಕಳಿಸಿದ್ದಳು.

ಮಾವ ಮುನಿನಾರಾಯಣಪ್ಪ ಹುಬ್ಬು ಗಂಟಿಕ್ಕಿದರು. "ಮನೆ ಇದ್ದೋರು ಮರದ ಕೆಳಗೆ ಮಲಗ್ತಾರೇನಮ್ಮೀ? ನೋಡ್ದೋರು ನಮ್ಮನ್ನ ಊರು ಬಿಟ್ಟೋರು ಅಂದಾರು."

ಒಳಗಿನಿಂದ ಅತ್ತೆ ಚಿಕ್ಕವೆಂಕಟಮ್ಮ ಅಂದರು: "ಅನ್ಲಿ ಬಿಡಿ. ಈ ಮನೆಗೆ ಬಂದಾಗ್ಲಿಂದ ಒಲೆ ಮುಂದೇನೇ ಕುಂತಿವ್ನಿ. ನಾನೂ ಓಗ್ತೀನಿ. ನೀವು ಮನೆ ಕಾಯ್ಕೊಂಡಿರಿ."

ಶನಿವಾರ ಮುಂಜಾನೆ ಆದಿಲಕ್ಷ್ಮಮ್ಮ ತಾನೇ ನೊಗಕ್ಕೆ ಎತ್ತು ಕಟ್ಟಿದಳು. ಗಾಡಿಯ ಕಮಾನಿನೊಳಗೆ ಹುಲ್ಲು ಹಾಸಿ ಚಾಪೆ ಹರವಿ ಅತ್ತೆಯನ್ನೂ ಮಗುವನ್ನೂ ಕೂರಿಸಿದಳು. ಗಡಿಗೆ, ಕುಡಿಕೆ, ರಾಗಿಹಿಟ್ಟಿನ ಚೀಲ ಗಾಡಿಯ ಅಡಿ ನೇತಾಡುತ್ತಿದ್ದವು. ತೋಪು ಸೇರಿದ್ದೇ ಎತ್ತು ಬಿಚ್ಚಿ, ಗಾಡಿಯ ಮುಂದಿನ ಮೂಕಿಮರಕ್ಕೆ ಊರುಗೋಲು ಕೊಟ್ಟು, ಪಕ್ಕಕ್ಕೆ ಕಂಬಳಿ ಇಳಿಬಿಟ್ಟು, ಮೂರು ಕಲ್ಲು ಹೂಡಿ ಒಲೆ ಹಚ್ಚಿದಳು. ನೋಡನೋಡುತ್ತ ಗಾಡಿ ಮನೆಯಾಯಿತು.

ಆದರೆ ಅಲ್ಲೊಂದು ಎಡವಟ್ಟಾಯಿತು. ಊರಲ್ಲಿ ಎತ್ತುಗಳ ಮೈತೊಳೆದು ಕೆರೆಯಂಗಳದಲ್ಲೇ ಬಿಟ್ಟರೆ ತಾವಾಗಿ ಕೊಟ್ಟಿಗೆ ಸೇರುತ್ತಿದ್ದವು. ಆದಿಲಕ್ಷ್ಮಮ್ಮನ ರೂಢಿಯ ಕೈ ಇಲ್ಲೂ ಹಾಗೇ ಮಾಡಿತು. ಮೈ ತೊಳೆಸಿಕೊಂಡ ಎತ್ತುಗಳು ನೆಟ್ಟಗೆ ಕ್ಯಾಸಂಬಳ್ಳಿಯ ದಾರಿ ಹಿಡಿದವು.

ಗಾಡಿಯಿಲ್ಲದೆ ಬಂದ ಎತ್ತುಗಳನ್ನು ಕಂಡು ಮುನಿನಾರಾಯಣಪ್ಪ ದಾರಿಯಲ್ಲಿ ಗಾಡಿ ಮಗುಚಿರಬೇಕೆಂದುಕೊಂಡರು. ಅವನ್ನೇ ಹೊಡೆದುಕೊಂಡು ದೀಪ ಹಚ್ಚುವ ಹೊತ್ತಿಗೆ ತೋಪಿಗೆ ಬಂದರು. ಎಲ್ಲರೂ ನೆಟ್ಟಗಿರುವುದು ಕಂಡಮೇಲೆ ಸಿಟ್ಟು ನೆತ್ತಿಗೇರಿತು.

"ಓಡಿಸೋದು ಬಂದ್ರೆ ಸಾಕಾ? ಕಟ್ಟಾಕೋದು ಬ್ಯಾಡ್ವಾ? ಎತ್ಗೋಳ್ಗಿರೋ ಬುದ್ಧಿ ನಿಂಗಿಲ್ಲ. ಊಡು ಗಾಡಿ, ಓಗಾನ."

"ತೆಪ್ಪು ನಂದೇ ಮಾವ. ಆದ್ರೆ ಗಾಡಿ ಊಡಲ್ಲ," ಎಂದಳು ಆದಿಲಕ್ಷ್ಮಮ್ಮ. ಮಾವನಿಗೆ ಎದುರು ನಿಂತು ಮಾತಾಡಿದ್ದು ಅದೇ ಮೊದಲು. "ಮಗು ಒಂದಿನನಾದ್ರೂ ಅವರಪ್ಪನ ಕಂಕುಳಲ್ಲಿರ್ಲಿ ಅಂತ ಬಂದಿದ್ದೀನಿ. ಮನೇಲಿ ನಿಮ್ ಮುಂದೆ ಅವ್ರು ಎತ್ಕೊಳಲ್ಲ."

ಮುದುಕ ಎತ್ತುಗಳನ್ನು ಮರಕ್ಕೆ ಬಿಗಿದರು. ಮುದ್ದೆ ಬಡಿಸಿದರೆ ಉಂಡು ಮರದ ಬುಡಕ್ಕೆ ಒರಗಿದರು.

"ಬಂಡೆ ಅಂಗೆ ಕುಂತವ್ರೆ ನೋಡು. ಬೆಳಿಗ್ಗೆ ಅವ್ನು ಬಂದು ಇವ್ರನ್ನ ಕಂಡ್ರೆ ಆಯ್ತು ನಿನ್ ವನಭೋಜನ," ಎಂದು ಅತ್ತೆ ಪಿಸುಗುಟ್ಟಿದರು.

ಬೆಳಗ್ಗೆ ಕೋದಂಡಪ್ಪ ಕೆರೆ ಏರಿಯ ಮೇಲಿಂದ ಇಳಿದು ಬಂದ. ನರಸಮ್ಮ ಬೀಳುತ್ತ ಏಳುತ್ತ ಓಡಿತು. ಅವನು ಬಗ್ಗಿ ಕೈಚಾಚಿದ. ಅಷ್ಟರಲ್ಲಿ ಮರದ ಬುಡದಲ್ಲಿದ್ದ ಅಪ್ಪ ಕಣ್ಣಿಗೆ ಬಿದ್ದರು. ಚಾಚಿದ ಕೈ ಹಾಗೇ ಹಿಂದಕ್ಕೆ ಬಂತು. ಮಗು ಅವನ ಪಂಚೆ ಹಿಡಿದು ಮೇಲೆ ನೋಡಿತು.

ಮುನಿನಾರಾಯಣಪ್ಪ ಮುಖವನ್ನು ಕೆರೆಯ ಕಡೆ ತಿರುಗಿಸಿಕೊಂಡರು. "ಎತ್ಕೊಳ್ಲಾ. ಇದೇನ್ ನಮ್ ಮನೆ ಜಗಲಿಯಾ?"

ಕೋದಂಡಪ್ಪ ಮಗಳನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. ಅಂದೆಲ್ಲ ಕೆಳಗಿಳಿಸಲಿಲ್ಲ, ನೀರಿಗಿಳಿದಾಗಲೂ ಇಲ್ಲ.

ಗಾಡಿ ಊರ ಕಡೆ ಹೊರಟದ್ದು ಸೋಮವಾರ, ಕೋದಂಡಪ್ಪ ಗಣಿಗೆ ಹೋದಮೇಲೆ. ದಾರಿಯಲ್ಲಿ ಪಕ್ಕದೂರಿನವರು ಎದುರಾಗಿ, ಹೆಂಗಸಿನ ಕೈಗೆ ಗಾಡಿ ಕೊಟ್ಟು ಎಲ್ಲಿಗೆ ಹೋಗಿದ್ದಿರಿ ಎಂದು ನಕ್ಕರು. ಕಮಾನಿನೊಳಗೆ ಕಾಲು ಚಾಚಿ ಕೂತಿದ್ದ ಮುನಿನಾರಾಯಣಪ್ಪ ಇಳಿಯಲಿಲ್ಲ.

"ನನ್ ಸೊಸೆ ಕಣಯ್ಯ ಓಡಿಸ್ತಿರೋದು," ಎಂದರು. "ಅತ್ಲಾಗೆ ಸರ್ಕೊಳ್ಳಿ."